ಸೀಬಿಗೆ ಸೈಕಲ್ಲಿನಲ್ಲಿ

ತುಮಕೂರಿನಿಂದ ಶಿರಾ ಕಡೆಗೆ ಬಸ್ಸಿನಲ್ಲಿ ಹೋಗಿಬರುವವರನ್ನು ದಾರಿ ಹೇಗಿದೆ ಎಂದು ಕೇಳಿ ನೋಡಿ. ‘ಒಳ್ಳೇ ರೋಡು, ಮಟ್ಟಸವಾಗಿದೆ’ ಎಂದಾರು. ಅದೇ ಸೀಮೆಯಲ್ಲಿ ಸೈಕಲ್ ತುಳಿದವರನ್ನು ಕೇಳಿದರೆ ಉತ್ತರವೇ ಬೇರೆ. ಏರು ಎಲ್ಲಿ ಶುರುವಾಗುತ್ತದೆ, ಎದುರುಗಾಳಿ ಎಲ್ಲಿ ಹೊಡೆಯುತ್ತದೆ, ಪೆಡಲು ತುಳಿಯದೆ ಸುಮ್ಮನೆ ಕುಳಿತರೂ ಸೈಕಲ್ ಎಲ್ಲಿಯವರೆಗೆ ತಾನಾಗಿ ಓಡುತ್ತದೆ ಎಂಬುದೆಲ್ಲ ಅವರ ಮೊಣಕಾಲಿಗೆ ಬಾಯಿಪಾಠ. ಬಯಲುಸೀಮೆ ಎಂಬ ಹೆಸರನ್ನು ನಂಬಿ ಮೋಸ ಹೋಗಬಾರದು. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ನೆಲ ತಟ್ಟಿದ ರೊಟ್ಟಿಯಂತೆ ಚಪ್ಪಟೆಯಾಗಿಲ್ಲ. ಕಣದಲ್ಲಿ ಹರವಿದ ಕಂಬಳಿಯಂತೆ ಅಲ್ಲಲ್ಲಿ ಉಬ್ಬಿ ಅಲ್ಲಲ್ಲಿ ತಗ್ಗಿದೆ.

ವಸಂತನರಸಾಪುರದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ಅವಳಿಗೆ ಈ ಸಂಗತಿ ತಿಳಿದದ್ದು ಭೂಗೋಳದ ಪುಸ್ತಕದಿಂದಲ್ಲ, ಫ್ರಾನ್ಸ್ ದೇಶದ ಸೈಕಲ್ ಪಂದ್ಯದಿಂದ. ಜುಲೈ ತಿಂಗಳಲ್ಲಿ ಮನೆಗೆ ಬಂದಿದ್ದ ಸೋದರಮಾವ ತನ್ನ ಮೊಬೈಲಿನಲ್ಲಿ ಆ ಪಂದ್ಯವನ್ನು ತೋರಿಸಿದ. ಗೋಧಿಯ ಹೊಲ, ಸೂರ್ಯಕಾಂತಿಯ ಹೊಲ, ಅವುಗಳ ನಡುವೆ ಏರಿ ಇಳಿಯುವ ಕಿರಿದಾದ ರಸ್ತೆ. ಅದರ ಮೇಲೆ ಬಣ್ಣಬಣ್ಣದ ಅಂಗಿ ತೊಟ್ಟ ನೂರಾರು ಸವಾರರು ಜೇನುಹುಳುಗಳ ಹಾಗೆ ಒಂದೇ ಗುಂಪಾಗಿ ಹೋಗುತ್ತಿದ್ದರು. ಹೆಲಿಕಾಪ್ಟರಿನ ಕ್ಯಾಮೆರಾ ನಡುನಡುವೆ ಸವಾರರನ್ನು ಬಿಟ್ಟು ಹಳೆಯ ಕೋಟೆ, ಚರ್ಚು, ಕಲ್ಲಿನ ಸೇತುವೆಗಳ ಸುತ್ತ ಗಿರಕಿ ಹೊಡೆಯುತ್ತಿತ್ತು. ಹುಡುಗಿಗೆ ಪಂದ್ಯಕ್ಕಿಂತ ಆ ಕೋಟೆಗಳೇ ಹಿಡಿಸಿದವು. ‘ಮಾವ, ಸೈಕಲ್ ತುಳ್ಕೊಂಡು ಹೋಗಿ ನೋಡೋ ಅಂಥದ್ದು ನಮ್ಮೂರ ಹತ್ರ ಏನೂ ಇಲ್ವಾ?’ ಎಂದಳು. ಮಾವ ನಕ್ಕು, ‘ಸೀಬಿ ಇಲ್ವೇನೇ? ನಿನ್ನ ಮುಡಿ ಕೊಟ್ಟಿದ್ದೇ ಅಲ್ಲಿ’ ಎಂದ. ಅವಳು ಸೀಬಿಗೆ ಎಷ್ಟೋ ಸಲ ಹೋಗಿದ್ದಳು. ಎಲ್ಲವೂ ಬಸ್ಸಿನಲ್ಲಿ, ಜಾತ್ರೆಯ ಗದ್ದಲದಲ್ಲಿ.

ಆ ಫ್ರೆಂಚ್ ಪಂದ್ಯದ ಹೆಸರು ಟೂರ್ ಡಿ ಫ್ರಾನ್ಸ್. ಅದು ಹುಟ್ಟಿದ್ದು ಒಂದು ಪತ್ರಿಕೆಯ ಮಾರಾಟ ಹೆಚ್ಚಿಸುವುದಕ್ಕಾಗಿ ಎಂದರೆ ಪತ್ರಿಕೆ ಓದುವವರಿಗೆ ಸ್ವಾರಸ್ಯವೆನಿಸಬಹುದು. ‘ಲೋಟೋ’ ಎಂಬ ಕ್ರೀಡಾ ಪತ್ರಿಕೆ 1903ರ ಜುಲೈನಲ್ಲಿ ಇದನ್ನು ಆರಂಭಿಸಿತು. ಆರು ಹಂತ, 2,428 ಕಿಲೋಮೀಟರ್ ದೂರ. ಹೊರಟವರು 60 ಮಂದಿ, ಮುಗಿಸಿದವರು 21. ಗೆದ್ದ ಮೊರೀಸ್ ಗಾರಿನ್ ಎಳೆಯ ವಯಸ್ಸಿನಲ್ಲಿ ಮನೆಗಳ ಹೊಗೆಕೊಳವೆ ಶುಚಿಮಾಡುವ ಕೂಲಿಯಾಗಿದ್ದವನು. ಈಗ ಪಂದ್ಯ ಮೂರು ವಾರ ನಡೆಯುತ್ತದೆ. 2022ರಿಂದ ಹೆಂಗಸರಿಗೂ ಬೇರೆಯಾಗಿ ನಡೆಯುತ್ತಿದೆ. ಪಂದ್ಯದ ಗೋಜಿಲ್ಲದೆ, ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರ್ ಸಾವಕಾಶವಾಗಿ ತುಳಿಯುತ್ತ ಲ್ವಾರ್ ನದಿಯ ದಂಡೆಯ ಅರಮನೆಗಳನ್ನು ನೋಡಿಬರುವ ಸಂಸಾರಸ್ಥರೂ ಅಲ್ಲಿ ಬಹಳ. ಹುಡುಗಿ ಕೇಳಿದ್ದು ಈ ಎರಡನೆಯ ಜಾತಿಯ ಸವಾರಿಯನ್ನು.

ಅಪ್ಪ ಖಡಾಖಂಡಿತವಾಗಿ ಬೇಡವೆಂದರು.

ಅವರು ಅಲ್ಲಿಯದೇ ಒಂದು ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವರು. ಕೋರಾ ಹೋಬಳಿಯ ಈ ಊರಿನ ಸುತ್ತ ಹಿಂದೆ ರಾಗಿ, ಕಡಲೆಕಾಯಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಕಾರ್ಖಾನೆಗಳ ಶೆಡ್ಡುಗಳು ಎದ್ದಿವೆ. 2014ರ ಸೆಪ್ಟೆಂಬರ್ 24ರಂದು ಪ್ರಧಾನಿ ನರೇಂದ್ರ ಮೋದಿ ಇಲ್ಲಿ ಆಹಾರ ಪಾರ್ಕನ್ನು ಉದ್ಘಾಟಿಸಿದಾಗ ಊರಿನ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಹೆಸರಿನ ಜೊತೆಗೆ ಲಾರಿಗಳೂ ಬಂದವು. ಹಗಲೂ ರಾತ್ರಿ ಕಂಟೇನರ್ ಲಾರಿಗಳು ಹೆದ್ದಾರಿಯಿಂದ ಒಳಕ್ಕೆ, ಒಳಗಿನಿಂದ ಹೆದ್ದಾರಿಗೆ. ‘ಆ ಲಾರಿ ಪಕ್ಕದಲ್ಲಿ ಹೋದ್ರೆ ಗಾಳಿಗೇ ಬಿದ್ಹೋಗ್ತೀಯ ಕಣವ್ವ’ ಎಂದರು ಅಪ್ಪ. ‘ನೀವು ತುಮಕೂರು ಕಾಲೇಜಿಗೆ ಸೈಕಲ್ಲಲ್ಲೇ ಹೋಗ್ತಿದ್ರಂತೆ?’ ಎಂದಳು ಮಗಳು. ‘ಆವಾಗ ಅದು ಎರಡು ಲಾರಿ ಎದುರುಬದುರು ಬಂದ್ರೆ ಒಂದು ಮಣ್ಣಿಗಿಳಿಯೋ ಅಂಥ ರೋಡು. ಈಗಿನ ಹಂಗಾ?’

ಅಪ್ಪನ ಹೆದರಿಕೆಯನ್ನು ಹಳ್ಳಿಗರ ಅಂಜುಬುರುಕುತನ ಎಂದು ತಳ್ಳಿಹಾಕುವಂತಿಲ್ಲ. ಅದಕ್ಕೆ ಭೌತಶಾಸ್ತ್ರದ ಬೆಂಬಲವಿದೆ. ಚಲಿಸುವ ವಸ್ತುವಿನ ಶಕ್ತಿ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ ಎಂದು ಮಕ್ಕಳು ಉರುಹೊಡೆಯುತ್ತಾರಲ್ಲ, ಅದರ ಅರ್ಥ ಹೆದ್ದಾರಿಯ ಅಂಚಿನಲ್ಲಿ ನಿಂತರೆ ಚೆನ್ನಾಗಿ ಆಗುತ್ತದೆ. ಸೈಕಲ್ಲಿನ ವೇಗ ಗಂಟೆಗೆ 16 ಕಿಲೋಮೀಟರ್, ಲಾರಿಯದು 80 ಎಂದಿಟ್ಟುಕೊಂಡರೆ ವೇಗ ಐದು ಪಟ್ಟು. ಆದರೆ ಒಂದೊಂದು ಕಿಲೋ ತೂಕದಲ್ಲಿ ಅಡಗಿರುವ ಶಕ್ತಿ ಇಪ್ಪತ್ತೈದು ಪಟ್ಟು. ಲಾರಿಯ ತೂಕವೋ, ಕೇಳುವುದೇ ಬೇಡ. ಇಂಥ ಎರಡು ವಾಹನಗಳನ್ನು ಒಂದೇ ರಸ್ತೆಗೆ ಬಿಟ್ಟು ‘ಜಾಗ್ರತೆಯಾಗಿ ಹೋಗಿ ಬಾ ಮಗು’ ಎನ್ನುವುದು ಜಾಗ್ರತೆಯ ಮಾತಲ್ಲ.

ಹಾಗೆಂದು ಮಗುವನ್ನು ಮನೆಯಲ್ಲೇ ಕೂರಿಸುವುದು ಪರಿಹಾರವೇ? ದಾರಿ ತೋರಿಸಿದವರು ಅಮ್ಮ. ‘ಹೈವೇನೇ ಯಾಕೆ ಬೇಕು, ಹಳ್ಳಿಗಳ ಒಳಗಿಂದ ಹೋಗ್ರಿ. ನೀವೂ ಜೊತೆಗೆ ಹೋಗ್ಬನ್ನಿ’ ಎಂದರು. ಮಾತು ನ್ಯಾಯವಾಗಿತ್ತು. ಫ್ರಾನ್ಸಿನಲ್ಲಿ ಸೈಕಲ್ ಪ್ರವಾಸ ಬೆಳೆದದ್ದೂ ಹೆದ್ದಾರಿಗಳಲ್ಲಲ್ಲ. ಹಳ್ಳಿಯಿಂದ ಹಳ್ಳಿಗೆ ಹೋಗುವ ಸಣ್ಣ ರಸ್ತೆಗಳಲ್ಲಿ. ನಮ್ಮಲ್ಲಿಯೂ 2000ದ ಡಿಸೆಂಬರಿನಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಆರಂಭವಾದ ಮೇಲೆ ಎತ್ತಿನ ಗಾಡಿಯ ಜಾಡು ಬಿಟ್ಟರೆ ಬೇರೇನೂ ಇಲ್ಲದಿದ್ದ ಎಷ್ಟೋ ಹಳ್ಳಿಗಳಿಗೆ ಟಾರು ಬಂದಿದೆ. ಆ ರಸ್ತೆಗಳಲ್ಲಿ ಗಂಟೆಗೆ ನಾಲ್ಕು ಬೈಕು, ಒಂದು ಟ್ರ್ಯಾಕ್ಟರು, ಒಂದು ಕುರಿಮಂದೆ. ಸೈಕಲ್ ಸವಾರನಿಗೆ ಇದಕ್ಕಿಂತ ಒಳ್ಳೆಯ ರಸ್ತೆಯನ್ನು ಯಾವ ಎಂಜಿನಿಯರ್ ತಾನೇ ಯೋಚಿಸಿ ಮಾಡಿಯಾನು? ಮಾಡಿದವರಿಗೂ ಸೈಕಲ್ಲಿನ ನೆನಪಿರಲಿಲ್ಲ ಎಂಬುದು ಬೇರೆ ಮಾತು.

ಮಗಳ ಸೈಕಲ್ ಚಿಕ್ಕಪ್ಪನ ಮಗಳಿಂದ ಬಂದದ್ದು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿತ್ತಲ್ಲ, ಆ ಸೈಕಲ್. ಕೊರೋನಾ ಕಾಲದಲ್ಲಿ ಯೋಜನೆ ನಿಂತಿತು. ಅಕ್ಕನ ಸೈಕಲ್ ತಂಗಿಗೆ ಇಳಿಯಿತು. ಅಪ್ಪನದು ಹಳೆಯ ಅಟ್ಲಾಸ್. ಹಿತ್ತಲ ಸೂರಿನ ಕೆಳಗೆ ಕೋಳಿಗಳಿಗೆ ಕೂರುವ ಜಾಗವಾಗಿದ್ದುದನ್ನು ಎಳೆದು, ಹೊಸ ಟ್ಯೂಬು ಹಾಕಿಸಿ, ಚೈನಿಗೆ ಎಣ್ಣೆ ಬಿಟ್ಟರು. ಅಟ್ಲಾಸ್ ಕಂಪನಿಯ ಕೊನೆಯ ಕಾರ್ಖಾನೆ ಮುಚ್ಚಿದ್ದು 2020ರ ಜೂನ್ 3ರಂದು. ಅದು ವಿಶ್ವ ಬೈಸಿಕಲ್ ದಿನ. ವಿಧಿಗೂ ಒಮ್ಮೊಮ್ಮೆ ತಮಾಷೆ ಮಾಡುವ ಬುದ್ಧಿ ಬರುತ್ತದೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟರು. ಕ್ಯಾರಿಯರಿನಲ್ಲಿ ಚಿತ್ರಾನ್ನದ ಡಬ್ಬಿ, ನೀರಿನ ಬಾಟಲಿ, ಗಾಳಿ ಹೊಡೆಯುವ ಪಂಪು. ಅಪ್ಪ ಹೊರಡುವ ಮೊದಲು ಮೂರು ಮಾತು ಹೇಳಿದರು. ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಒಂದೇ ಹಿಡಿಯಬೇಡ. ಅಕ್ಕಪಕ್ಕ ಬರಬೇಡ, ಹಿಂದೆ ಬಾ. ಸುಸ್ತಾದರೆ ಹೇಳು, ನಾಚಿಕೆ ಬೇಡ. ಮೊದಲ ಏರಿನಲ್ಲೇ ಮೂರನೆಯ ಮಾತು ಬೇಕಾಯಿತು. ಅಪ್ಪ ಸೀಟಿನಿಂದ ಎದ್ದು ನಿಂತು ತುಳಿದುಕೊಂಡು ಮೇಲೆ ಹೋದರು. ಮಗಳು ಅರ್ಧಕ್ಕೇ ಇಳಿದು ತಳ್ಳಿದಳು. ‘ಗೇರ್ ಸೈಕಲ್ ಇದ್ದಿದ್ರೆ ನಾನೂ ಹತ್ತಿಸ್ತಿದ್ದೆ’ ಎಂದಳು.

ಅವಳು ಹೇಳಿದ್ದು ನಿಜವೇ. ನಮ್ಮ ಸಾದಾ ಸೈಕಲ್ಲಿನ ಮುಂದಿನ ಚಕ್ರಕ್ಕೆ ನಲವತ್ತನಾಲ್ಕು ಹಲ್ಲು, ಹಿಂದಿನ ಫ್ರೀವೀಲಿಗೆ ಹದಿನೆಂಟು ಎಂದಿಟ್ಟುಕೊಳ್ಳಿ. ಪೆಡಲು ಒಂದು ಸುತ್ತು ಬಂದರೆ ಗಾಲಿ ಸುಮಾರು ಎರಡೂವರೆ ಸುತ್ತು ಬರುತ್ತದೆ, ಸೈಕಲ್ ಐದು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಮಟ್ಟಸ ದಾರಿಯಲ್ಲಿ ಇದು ಲಾಭ, ಏರಿನಲ್ಲಿ ಶಿಕ್ಷೆ. ಗೇರ್ ಸೈಕಲ್ಲಿನಲ್ಲಿ ಹಿಂದಿನ ಹಲ್ಲುಗಳನ್ನು ಹೆಚ್ಚಿಸಿಕೊಂಡು ಒಂದು ಸುತ್ತಿಗೆ ಎರಡು ಮೀಟರ್ ಮಾತ್ರ ಹೋಗುವಂತೆ ಮಾಡಿಕೊಳ್ಳಬಹುದು. ಒಟ್ಟು ಕೆಲಸ ಕಡಿಮೆಯಾಗುವುದಿಲ್ಲ. ಅದೇ ಕೆಲಸವನ್ನು ಚಿಲ್ಲರೆ ಮಾಡಿ ಕೊಟ್ಟಂತೆ. ಆದರೆ ಟೂರ್ ಡಿ ಫ್ರಾನ್ಸಿನಲ್ಲಿ ಓಡುತ್ತಲೇ ಗೇರ್ ಬದಲಿಸುವ ಸಾಧನಕ್ಕೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಆ ಮಹಾವೀರರೂ ಏರು ಬಂದಾಗ ಇಳಿದು, ಹಿಂದಿನ ಗಾಲಿಯನ್ನೇ ತಿರುಗಿಸಿ ಹಾಕಿಕೊಳ್ಳುತ್ತಿದ್ದರು. ಬಹಳ ಕಡಿದಾದ ಕಡೆ ತಳ್ಳಿಯೂ ನಡೆದದ್ದುಂಟು. ಇಳಿದು ತಳ್ಳುವವರಿಗೆ ದೊಡ್ಡ ಪರಂಪರೆಯೇ ಇದೆ.

ನಾಲ್ಕೈದು ಏರು ಇಳಿವು ಕಳೆದ ಮೇಲೆ ಹುಡುಗಿ ಒಂದು ವಿಷಯ ಗಮನಿಸಿದಳು. ಪ್ರತಿ ಇಳಿಜಾರು ಮುಗಿಯುವ ಕಡೆ ಒಂದು ಕೆರೆ ಅಥವಾ ಕೆರೆಯ ಗುರುತು. ಅಲ್ಲಿ ರಸ್ತೆ ಏರಿಯ ಮೇಲೆ ಹತ್ತಿ ಸ್ವಲ್ಪ ದೂರ ನೇರವಾಗಿ, ಮಟ್ಟಸವಾಗಿ ಸಾಗುತ್ತಿತ್ತು. ಅಷ್ಟು ದೂರದ ದಾರಿಯಲ್ಲಿ ನಿಜವಾಗಿ ಮಟ್ಟಸವಾಗಿದ್ದ ಜಾಗವೆಂದರೆ ಕೆರೆ ಏರಿಗಳು ಮಾತ್ರ! ಏರಿ ದಾಟಿದರೆ ಕೆಳಗೆ ತೋಟ, ಗದ್ದೆ. ಮುಂದೆ ಮತ್ತೊಂದು ಉಬ್ಬು. ನೂರಾರು ವರ್ಷಗಳ ಹಿಂದೆ ಯಾರೋ ಇದೇ ನೆಲವನ್ನು ಕಾಲಿನಲ್ಲಿ ನಡೆದು ಅಳೆದಿದ್ದಾರೆ. ನೀರು ಎಲ್ಲಿ ಬಂದು ನಿಲ್ಲುತ್ತದೆ, ಎಷ್ಟು ಕಡಿಮೆ ಮಣ್ಣು ಹೊತ್ತು ಎಷ್ಟು ಹೆಚ್ಚು ನೀರು ತಡೆಯಬಹುದು ಎಂದು ಲೆಕ್ಕ ಹಾಕಿದ್ದಾರೆ. ಒಂದು ಕೆರೆಯ ಕೋಡಿ ಬಿದ್ದರೆ ಆ ನೀರು ಕೆಳಗಿನ ಊರಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಬಸ್ಸಿನ ಕಿಟಕಿಯಿಂದ ಇದು ಕಾಣುವುದಿಲ್ಲ. ಸೈಕಲ್ಲಿನವರಿಗೆ ತೊಡೆಯ ನೋವೇ ನಕ್ಷೆ.

ಏರಿಯ ಮೇಲೆ ದನ ಬಿಟ್ಟುಕೊಂಡು ಕುಳಿತಿದ್ದ ತಾತನೊಬ್ಬ ಇಬ್ಬರನ್ನೂ ನೋಡಿ, ‘ಎಲ್ಲಿಗಪ್ಪ ಹೊಂಟ್ರಿ, ಬಸ್ಸು ಕೆಟ್ಟೋಯ್ತಾ?’ ಎಂದ. ಸೀಬಿಗೆ, ಸುಮ್ಮನೆ ನೋಡಿಬರಲು ಎಂದು ಅಪ್ಪ ಹೇಳಿದರು. ಬೈಕಿರುವ ಕಾಲದಲ್ಲಿ ಗಂಡಸೊಬ್ಬ ಮಗಳ ಜೊತೆ ಸೈಕಲ್ ತುಳಿಯುತ್ತಾನೆಂದರೆ ಏನೋ ಹರಕೆಯಿರಬೇಕು ಎಂದುಕೊಂಡ ತಾತ, ‘ಒಳ್ಳೇದಾಗ್ತದೆ ಹೋಗ್ರಪ್ಪ’ ಎಂದು ಹರಸಿದ. ಹುಡುಗಿ ಕೇಳಿದ್ದಕ್ಕೆ, ಏರಿಯ ಪಕ್ಕದಲ್ಲಿ ಅರ್ಧ ಹೂತುಹೋಗಿದ್ದ ವೀರಗಲ್ಲನ್ನು ತೋರಿಸಿದ. ಮೂರು ಅಂಕಣದ ಕಲ್ಲು. ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದ ವೀರ. ದನಗಳನ್ನು ಕಾಯುವಾಗಲೋ ಊರನ್ನು ಕಾಯುವಾಗಲೋ ಸತ್ತವನು. ಫ್ರಾನ್ಸಿನ ಕೋಟೆಗಳಿಗೆ ಟಿಕೆಟ್ಟು ಕೊಳ್ಳಬೇಕು. ಇಲ್ಲಿ ಇತಿಹಾಸ ದನಗಳು ಮೈ ಉಜ್ಜಿಕೊಳ್ಳುವ ಕಲ್ಲಾಗಿ ಬಿದ್ದಿದೆ. ಇದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ.

ಕೊನೆಯಲ್ಲಿ ಹೆದ್ದಾರಿ ಬಂದೇ ಬಂತು. ಇಬ್ಬರೂ ಇಳಿದು ಸೈಕಲ್ ತಳ್ಳಿಕೊಂಡೇ ನಡೆದರು.

ಜಾತ್ರೆಯಿಲ್ಲದ ದಿನದ ಸೀಬಿ ಬೇರೆಯೇ ಸೀಬಿ. ನರಸಿಂಹಸ್ವಾಮಿಯ ಗುಡಿಯ ಚಾವಣಿಯನ್ನು ತಲೆಯೆತ್ತಿ ನೋಡಲು ಯಾರೂ ನೂಕುವವರಿಲ್ಲ. ಗುಡಿಗೆ ಈಗಿನ ರೂಪ ಕೊಟ್ಟವರು ಟಿಪ್ಪುವಿನ ಕಾಲದ ಅಧಿಕಾರಿ ಕಚೇರಿ ಕೃಷ್ಣಪ್ಪನ ಮಗ ನಲ್ಲಪ್ಪ ಮತ್ತು ಅವನ ಸಹೋದರರು. ಮುಖಮಂಟಪದ ಚಾವಣಿಯ ತುಂಬ ಬಣ್ಣದ ಚಿತ್ರಗಳು. ಪುರಾಣದ ಕಥೆಗಳು, ಕೃಷ್ಣನ ಲೀಲೆಗಳು, ಅವುಗಳ ಜೊತೆಗೇ ಆ ಕಾಲದ ದರ್ಬಾರು, ಪೇಟ ಸುತ್ತಿದ ಸರದಾರರು. ದೇವರ ಗುಡಿಯಲ್ಲಿ ಸಾಹೇಬರ ದರ್ಬಾರೂ ಕುಳಿತಿದೆ. ಯಾರಿಗೂ ಅದು ಅಡ್ಡಿಯೆನಿಸಿಲ್ಲ. ಬಣ್ಣ ಅಲ್ಲಲ್ಲಿ ಮಾಸಿದೆ, ಗಾರೆ ಕೆಲವು ಕಡೆ ಉದುರಿದೆ. ಹುಡುಗಿ ಕತ್ತು ನೋಯುವವರೆಗೂ ನೋಡಿದಳು. ಮುಡಿ ಕೊಟ್ಟ ಮಗುವಾಗಿದ್ದಾಗಿನಿಂದ ಎಷ್ಟು ಸಲ ಬಂದಿದ್ದರೂ ಅವಳು ತಲೆಯೆತ್ತಿ ನೋಡಿದ್ದು ಅದೇ ಮೊದಲು.

ಅಪ್ಪನಿಗೆ ಹಿಡಿಸಿದ್ದು ಸ್ಥಳಪುರಾಣ. ಹೇರೆತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಹೋಗುತ್ತಿದ್ದ ವರ್ತಕನೊಬ್ಬ ಇಲ್ಲಿ ತಂಗಿದನಂತೆ. ಅಡಿಗೆಯ ಮಡಕೆಯನ್ನು ಒಂದು ಬಂಡೆಯ ಮೇಲಿಟ್ಟು ಬೇಯಿಸಿದಾಗ ಧಾನ್ಯ ರಕ್ತದ ಬಣ್ಣಕ್ಕೆ ತಿರುಗಿತಂತೆ. ಸ್ವಾಮಿ ಕನಸಿನಲ್ಲಿ ಬಂದು ಇಲ್ಲಿ ಗುಡಿ ಕಟ್ಟು ಎಂದನಂತೆ. ಪವಾಡವನ್ನು ಅವರವರ ಭಕ್ತಿಗೆ ಬಿಡೋಣ. ಕಥೆಯ ಒಳಗಿರುವ ಎತ್ತುಗಳು ಮಾತ್ರ ನಿಜವಾದ ಇತಿಹಾಸ. ತುಮಕೂರಿನಿಂದ ಸೀಬಿಗೆ ಸುಮಾರು 24 ಕಿಲೋಮೀಟರ್. ಹೇರು ಹೊತ್ತ ಎತ್ತಿಗೆ ಅದು ಒಂದು ದಿನದ ನಡಿಗೆಯಾಗಿದ್ದೀತು. ಮುಂದಿರುವ ಶಿರಾ ಸಣ್ಣ ಊರಲ್ಲ. ಬಿಜಾಪುರದವರ ಕಾಲದಲ್ಲಿ ಮಲಿಕ್ ರಿಹಾನ್ ಆಳಿದ್ದು, 1687ರಲ್ಲಿ ಮೊಗಲರು ಹಿಡಿದು ಸುಬಾದ ರಾಜಧಾನಿ ಮಾಡಿಕೊಂಡದ್ದು, 1761ರಲ್ಲಿ ಹೈದರಾಲಿ ಗೆದ್ದದ್ದು ಎಲ್ಲ ಅಲ್ಲಿಯೇ. ಆ ಪೇಟೆಗೆ ಧಾನ್ಯ ಹೊತ್ತ ಎತ್ತುಗಳು ನಡೆದ ದಿಕ್ಕಿನಲ್ಲೇ ಇಂದಿನ ಕಂಟೇನರುಗಳು ಓಡುತ್ತಿವೆ. ‘ಆವಾಗ್ಲೂ ಇದು ಲೋಡು ಹೋಗೋ ರೋಡೇ’ ಎಂದರು ಅಪ್ಪ, ಕಾರ್ಖಾನೆಯ ಭಾಷೆಯಲ್ಲಿ.

ಆ ಭಾನುವಾರದ ನಂತರ ಅಪ್ಪನಿಗೇ ಚಟ ಹತ್ತಿತು. ಪಾಳಿ ಬಿಡುವಾದಾಗಲೆಲ್ಲ ಒಂದೊಂದು ದಿಕ್ಕು. ಸೈಕಲ್ಲುಗಳನ್ನು ಪರಿಚಯದವರ ಗೂಡ್ಸ್ ಆಟೋದಲ್ಲಿ ತುಮಕೂರಿನವರೆಗೆ ಸಾಗಿಸಿಕೊಂಡು ಒಮ್ಮೆ ದೇವರಾಯನದುರ್ಗಕ್ಕೆ ಹೋದರು. ತುಮಕೂರಿನಿಂದ ಬೆಟ್ಟದ ತುದಿಯವರೆಗೆ ಸುಮಾರು 380 ಮೀಟರ್ ಎತ್ತರ ಏರಬೇಕು. ಹುಡುಗಿ ಮನೆಗೆ ಬಂದು ನೋಟ್ ಪುಸ್ತಕದಲ್ಲಿ ಲೆಕ್ಕ ಮಾಡಿದಳು. ತಾನೂ ಸೈಕಲ್ಲೂ ಸೇರಿ 60 ಕಿಲೋ, ಗುರುತ್ವ 9.8, ಎತ್ತರ 380. ಗುಣಿಸಿದರೆ ಸುಮಾರು 2,23,000 ಜೂಲ್, ಅಂದರೆ 53 ಕಿಲೋಕ್ಯಾಲೊರಿ. ನಮ್ಮ ಸ್ನಾಯುಗಳು ತಿಂದದ್ದರಲ್ಲಿ ಕಾಲು ಭಾಗವನ್ನಷ್ಟೇ ಕೆಲಸಕ್ಕೆ ಕೊಟ್ಟು ಉಳಿದದ್ದನ್ನು ಬೆವರಿನ ಬಿಸಿಯಾಗಿ ಕಳೆಯುತ್ತವೆ. ಆದ್ದರಿಂದ ನಾಲ್ಕರಿಂದ ಗುಣಿಸಬೇಕು. ಬಂದ ಉತ್ತರ ಹೆಚ್ಚು ಕಡಿಮೆ ಒಂದು ರಾಗಿಮುದ್ದೆ. ಅಷ್ಟು ಬೆವರು ಸುರಿಸಿ, ಅರ್ಧ ದಾರಿ ತಳ್ಳಿ, ನಾಲಿಗೆ ಒಣಗಿಸಿಕೊಂಡು ಹತ್ತಿದ್ದು ಬರೀ ಒಂದು ಮುದ್ದೆಯ ಬೆಟ್ಟವೇ ಎಂದು ಅವಳಿಗೆ ಬೇಸರವೇ ಆಯಿತು. ಸೈಕಲ್ಲಿನ ಗುಟ್ಟೂ ಇದರಲ್ಲೇ ಇದೆ. ಮಟ್ಟಸ ದಾರಿಯಲ್ಲಿ ಅದರ ಮೇಲೆ ಕುಳಿತ ಮನುಷ್ಯ ನಡೆಯುವವನ ಐದನೆಯ ಒಂದು ಪಾಲು ಶಕ್ತಿಯಲ್ಲಿ ಅಷ್ಟೇ ದೂರ ಹೋಗುತ್ತಾನೆ. ಆಕ್ಸ್‌ಫರ್ಡಿನ ಎಸ್. ಎಸ್. ವಿಲ್ಸನ್ ಎಂಬುವರು 1973ರಲ್ಲಿ ಪ್ರಾಣಿ, ಪಕ್ಷಿ, ಯಂತ್ರಗಳನ್ನೆಲ್ಲ ಹೋಲಿಸಿ, ಸೈಕಲ್ ಸವಾರನನ್ನೇ ಮೊದಲ ಸ್ಥಾನದಲ್ಲಿ ಕೂರಿಸಿದ್ದರು.

ಬೆಟ್ಟದ ಮೇಲಿನಿಂದ ಕಂಡದ್ದು ಕೆರೆಗಳ ಲೆಕ್ಕದ ಮುಂದುವರಿಕೆ. ದೇವರಾಯನದುರ್ಗದ ಸಾಲು ಒಂದು ಜಲವಿಭಾಜಕ. ಇಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿ ಸೇರಿ ಆಂಧ್ರದತ್ತ ಹೋಗುತ್ತದೆ. ಶಿಂಷಾ ದಕ್ಷಿಣದ ಕಡೆಗೆ ತಿರುಗಿ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿಸಿ, ಮದ್ದೂರನ್ನು ದಾಟಿ ಕಾವೇರಿಗೆ ಸೇರುತ್ತದೆ. ಒಂದೇ ಮೋಡದಿಂದ ಬಿದ್ದ ಎರಡು ಹನಿಗಳಲ್ಲಿ ಒಂದು ನೆಲ್ಲೂರಿನ ಬಳಿ, ಇನ್ನೊಂದು ತಮಿಳುನಾಡಿನ ಪೂಂಪುಹಾರಿನಲ್ಲಿ ಸಮುದ್ರ ಕಾಣಬಹುದು. ಏರು ಮುಗಿದು ಇಳಿವು ಶುರುವಾಗುವ ಗೆರೆ ಸೈಕಲ್ಲಿಗೂ ನೀರಿಗೂ ಒಂದೇ.

ಗೂಳೂರಿನ ಪಕ್ಕದ ಕೈದಾಳಕ್ಕೂ ಹೋಗಿಬಂದರು. ಹೊಯ್ಸಳರ ಕಾಲದ ಚೆನ್ನಕೇಶವ, ಜಕಣಾಚಾರಿಯ ಕೈ ಮರಳಿ ಬಂತೆಂಬ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ. ಗುಬ್ಬಿ ವೀರಣ್ಣನವರ ಊರನ್ನೂ ನೋಡಿದರು. ಬಾಕಿ ಉಳಿದದ್ದು ಕುಣಿಗಲ್. ಅಲ್ಲಿಯ ಕೆರೆಯನ್ನು ಹಾಡಿನಲ್ಲಿ ಕೇಳದ ಕನ್ನಡಿಗರಿಲ್ಲ. ಟಿಪ್ಪುವಿನ ಕಾಲದಿಂದ ಬಂದದ್ದೆಂದು ಹೇಳುವ ಕುದುರೆ ಫಾರಂ ಬೇರೆ ಇದೆ. ಕುದುರೆಗೂ ಸೈಕಲ್ಲಿಗೂ ಒಂದು ನಂಟಿದೆ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಅದರ ಧೂಳು ಆಕಾಶವನ್ನು ಮುಚ್ಚಿದ್ದರಿಂದ ಮರುವರ್ಷ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಹೋಗಿ ಕುದುರೆಗಳಿಗೆ ಮೇವಿಲ್ಲದಾಯಿತು. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎರಡು ಗಾಲಿಯ ಮರದ ‘ಓಟದ ಯಂತ್ರ’ವನ್ನು ಮಾಡಿದ್ದು ಕುದುರೆಯಿಲ್ಲದ ಆ ಪರದಾಟದಿಂದಲೇ ಎಂದು ವಾದಿಸುವ ಇತಿಹಾಸಕಾರರಿದ್ದಾರೆ. ಅದಕ್ಕೆ ಪೆಡಲೂ ಇರಲಿಲ್ಲ. ನೆಲವನ್ನು ಕಾಲಿನಿಂದ ಒದ್ದುಕೊಂಡು ಹೋಗಬೇಕಾಗಿತ್ತು.

ಇಷ್ಟರಲ್ಲಿ ಮಾರ್ಚಿ ಬಂತು. ‘ಇನ್ನು ಹತ್ತನೇ ಕ್ಲಾಸು. ಸೈಕಲ್ಲು ಗಿಯ್ಕಲ್ಲು ಸಾಕು, ಟ್ಯೂಷನ್ನಿಗೆ ವ್ಯಾನ್ ಮಾಡಿಸ್ತೀನಿ’ ಎಂದರು ಅಪ್ಪ. ಎಸ್ಸೆಸ್ಸೆಲ್ಸಿ ಎಂಬ ಮಾತು ಕೇಳಿದೊಡನೆ ಮನೆಯ ಟೀವಿ, ಆಟ, ನೆಂಟರ ಮದುವೆ ಎಲ್ಲವೂ ಮಾಯವಾಗುವ ನಮ್ಮ ಸಂಸಾರಗಳಲ್ಲಿ ಸೈಕಲ್ ಉಳಿಯುವುದು ಸುಲಭವಲ್ಲ. ಹುಡುಗಿ ಅಳಲಿಲ್ಲ, ಜಗಳವಾಡಲಿಲ್ಲ. ಟ್ಯೂಷನ್ನಿಗೆ ಹೋಗುವ ದಾರಿಯನ್ನು ಒಂದು ಹಾಳೆಯಲ್ಲಿ ಬರೆದು ತಂದಳು. ಎಲ್ಲಿ ಹೆದ್ದಾರಿಯನ್ನು ತಪ್ಪಿಸಬಹುದು, ಎಲ್ಲಿ ಒಂದೇ ಕಡೆ ದಾಟಬೇಕು, ಯಾವ ಏರಿನಲ್ಲಿ ಇಳಿದು ತಳ್ಳುತ್ತಾಳೆ, ಎಷ್ಟು ಹೊತ್ತಿಗೆ ಕಾರ್ಖಾನೆಯ ಪಾಳಿ ಬಿಟ್ಟು ಬಸ್ಸುಗಳು ಬರುತ್ತವೆ ಎಂದೆಲ್ಲ ಅದರಲ್ಲಿತ್ತು. ವ್ಯಾನು ಊರೂರು ಸುತ್ತಿ ಬರುವುದಕ್ಕೆ ಹಿಡಿಯುವ ಕಾಲವನ್ನೂ ಪಕ್ಕದಲ್ಲಿ ಬರೆದಿದ್ದಳು, ಸೈಕಲ್ಲೇ ಬೇಗ. ಅಪ್ಪ ಹಾಳೆಯನ್ನು ಎರಡು ಸಲ ಓದಿ ಜೇಬಿನಲ್ಲಿಟ್ಟುಕೊಂಡರು. ‘ಕತ್ತಲಾಗೋದ್ರೊಳಗೆ ಮನೇಲಿರ್ಬೇಕು ಕಣವ್ವ’ ಎಂದರು. ಮೊದಲ ಮೂರು ದಿನ ಸ್ಕೂಟರಿನಲ್ಲಿ ಬಹಳ ಹಿಂದೆ, ಕಾಣದ ಹಾಗೆ ಬಂದರು. ಮಗಳಿಗೆ ಕಂಡಿತ್ತು, ಕಾಣದ ಹಾಗೆ ಅವಳೂ ತುಳಿದಳು.

ಕುಣಿಗಲ್ಲಿಗೆ ಬೇಸಿಗೆ ರಜದಲ್ಲಿ ಹೋಗುವುದೆಂದು ನಿಶ್ಚಯವಾಗಿದೆ. ಆದರೆ ಈ ಸಲ ಅಮ್ಮನೂ ಬರುತ್ತೇನೆಂದು ಹಠ ಹಿಡಿದಿದ್ದಾರೆ. ಅವರಿಗೆ ಸೈಕಲ್ ಬಾರದು. ಅವರ ಬಾಲ್ಯದಲ್ಲಿ ಹುಡುಗರು ಒಳಪೆಡಲು ಹೊಡೆಯುತ್ತಿದ್ದಾಗ ಹುಡುಗಿಯರು ಹಿಂದೆ ಓಡುತ್ತಿದ್ದರಷ್ಟೆ. 1991ರ ಸುಮಾರಿಗೆ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಸಾಕ್ಷರತಾ ಆಂದೋಲನದಲ್ಲಿ ಅಕ್ಷರದ ಜೊತೆ ಸೈಕಲ್ಲನ್ನೂ ಕಲಿಸಿ, ಸಾವಿರಾರು ಹೆಂಗಸರನ್ನು ಹಳ್ಳಿಯ ರಸ್ತೆಗಳಿಗೆ ತಂದಿದ್ದರೆಂಬ ಸುದ್ದಿಯನ್ನು ಮಗಳು ಎಲ್ಲಿಂದಲೋ ಓದಿ ಹೇಳಿದ್ದೇ ಇದಕ್ಕೆ ಕಾರಣ. ಭಾನುವಾರ ಸಂಜೆ ಕೈಗಾರಿಕಾ ಪ್ರದೇಶದ ಒಳರಸ್ತೆಗಳಲ್ಲಿ ಲಾರಿಗಳು ಕಡಿಮೆ. ಅಗಲವಾದ, ಖಾಲಿ ರಸ್ತೆ. ಮಗಳು ಕ್ಯಾರಿಯರ್ ಹಿಡಿದುಕೊಂಡು ಹಿಂದೆ ಓಡುತ್ತಾಳೆ, ಅಪ್ಪ ಪಕ್ಕದಲ್ಲಿ ‘ಮುಂದೆ ನೋಡು, ಗಾಲಿ ನೋಡ್ಬೇಡ’ ಎಂದು ಕೂಗುತ್ತಾರೆ. ಅಮ್ಮ ಎಡಕ್ಕೆ ತಿರುಗುವುದನ್ನು ಚೆನ್ನಾಗಿ ಕಲಿತಿದ್ದಾರೆ. ಬಲಕ್ಕೆ ತಿರುಗುವುದು ಇನ್ನೂ ಆಗಬೇಕು.